ಶಿವಮೊಗ್ಗ ದುರ್ಗಿಗುಡಿಯ ಕುಡಿತ ಬಿಡಿಸುವ ಕ್ಲಿನಿಕ್: ಮಕ್ಕಳನ್ನೂ ಕರೆದುಕೊಂಡು ಹೋಗಿ

ನಮ್ಮ ಮನೆಯವರನ್ನು ತೀರ್ಥಹಳ್ಳಿ ಕಡೆಯಿಂದ ಇಲ್ಲಿಗೆ ಕರೆದುಕೊಂಡು ಬರುತ್ತಿದ್ದೇನೆ. ಔಷಧಿ ವಿಷಯದಲ್ಲಿ ದೂರಿಲ್ಲ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು ಅಂತ ಎಚ್ಚರಿಸಿ, ನಡುಕಕ್ಕೆ ಮಾತ್ರೆ, ಜೊತೆಗೆ ಬಿ1 ವಿಟಮಿನ್ ಬರೆದುಕೊಟ್ಟರು. ಆದರೆ ನಾನು ಬರೆಯಲು ಕೂತಿದ್ದು ನಮ್ಮ ಅವಳಿ ಹುಡುಗರ ಜೊತೆ ಡಾಕ್ಟರ್ ಆಡಿದ ಮಾತಿಗಾಗಿ.

ಇಬ್ಬರೂ ಹತ್ತನೇ ಕ್ಲಾಸು. ದೊಡ್ಡವನು ಅಪ್ಪನ ಪಡಿಯಚ್ಚು, ಚಿಕ್ಕವನು ನನ್ನ ಹಾಗೆ. "ದೊಡ್ಡವನ ಮೇಲೆ ಕಣ್ಣಿಟ್ಟಿರು ಮಾರಾಯ್ತಿ" ಅಂತ ನೆಂಟರು ಹೇಳುತ್ತಾರೆ, ಅದೂ ಅವನ ಎದುರಿಗೇ. ಅವನು ತಲೆ ತಗ್ಗಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇದನ್ನು ಹೇಳಿದ ಕೂಡಲೇ ಡಾಕ್ಟರ್ ಇಬ್ಬರನ್ನೂ ಒಳಗೆ ಕರೆದರು. ಮುಖ ಅಪ್ಪನದಾದರೆ ಚಟವೂ ಅಪ್ಪನದೇ ಆಗಬೇಕಿಲ್ಲ ಅಂದರು. ತದ್ರೂಪಿ ಅವಳಿಗಳ ಜೀನ್ ಹೆಚ್ಚುಕಮ್ಮಿ ಒಂದೇ. ನಮ್ಮ ಹುಡುಗರಂಥ, ತದ್ರೂಪಿ ಅಲ್ಲದ ಅವಳಿಗಳಲ್ಲಿ ಬೇರೆ ಅಣ್ಣತಮ್ಮಂದಿರ ಹಾಗೆ ಸರಾಸರಿ ಅರ್ಧ ಹೊಂದುತ್ತದೆ. ಈ ಎರಡು ಥರದ ಅವಳಿಗಳನ್ನು ಹೋಲಿಸಿ ನೋಡಿದಾಗ, ಕುಡಿತದ ಚಟದಲ್ಲಿ ಜೀನಿನ ಪಾಲು ಸುಮಾರು 50 ಪರ್ಸೆಂಟ್ ಅಂತ ಕಂಡಿದೆಯಂತೆ.

"ಹಾಗಾದ್ರೆ ನಂಗೆ ಅರ್ಧ ಚಾನ್ಸಾ ಸರ್?" ಅಂತ ದೊಡ್ಡವನು ಕೇಳಿಯೇ ಬಿಟ್ಟ. ಅಲ್ಲ, ಅದು ಸಾವಿರಾರು ಜನರ ನಡುವಿನ ವ್ಯತ್ಯಾಸದ ಲೆಕ್ಕ, ಒಬ್ಬ ಹುಡುಗನ ಹಣೆಬರಹ ಅಲ್ಲ ಅಂತ ಪೇಪರ್ ಮೇಲೆ ಬರೆದು ತೋರಿಸಿದರು.

ಆಮೇಲೆ ಹೇಳಿದ್ದು ಇನ್ನೂ ಮುಖ್ಯ. 2009ರಲ್ಲಿ ಆಸ್ಟ್ರೇಲಿಯಾದ ಅವಳಿಗಳ ಮೇಲಿನ ಒಂದು ಅಧ್ಯಯನ ಬಂತು. ಮೊದಲ ಸಲ ಕುಡಿದಾಗ ವಯಸ್ಸು ಎಷ್ಟು ಚಿಕ್ಕದೋ, ಮುಂದೆ ಚಟದಲ್ಲಿ ಜೀನಿನ ಕೈವಾಡ ಅಷ್ಟು ಜಾಸ್ತಿ ಕಂಡಿತು. ತಡವಾಗಿ ಶುರು ಮಾಡಿದವರಲ್ಲಿ ಅದು ಕಡಿಮೆ.

ನಮ್ಮ ಕಡೆ ಅಡಿಕೆ ಕೊನೆಕೊಯ್ಲು ಮುಗಿದ ರಾತ್ರಿ "ಒಂದು ಗುಟುಕು ತಗೊಳೋ, ಏನಾಗಲ್ಲ" ಅಂತ ಹುಡುಗರ ಕೈಗೆ ಲೋಟ ಕೊಡುವವರು ಮನೆಯ ದೊಡ್ಡವರೇ ಅಲ್ವಾ? ಅದನ್ನು ನಿಲ್ಲಿಸಿ ಅಂತ ಡಾಕ್ಟರ್ ನೇರವಾಗಿ ನಮ್ಮ ಮನೆಯವರಿಗೇ ಹೇಳಿದರು. ಇವರು ಮನೆಗೆ ಬಂದವರೇ ತಮ್ಮನಿಗೆ ಫೋನ್ ಮಾಡಿ, "ನಮ್ಮ ಹುಡುಗರ ಕೈಗೆ ಲೋಟ ಕೊಟ್ರೆ ನೋಡು" ಅಂದರು.

ಟೋಕನ್ ವ್ಯವಸ್ಥೆ ಮಾತ್ರ ಸರಿಯಿಲ್ಲ, ಸುಮ್ನೆ ಕಾಯಿಸುತ್ತಾರೆ. ದೂರದಿಂದ ಬಸ್ಸಿಗೆ ಬರುವವರನ್ನು ಮೊದಲು ನೋಡಿ ಕಳಿಸಬೇಕು. ಮಕ್ಕಳ ಜೊತೆ ಮಾತಾಡಬೇಕು ಅಂತ ಫೋನಿನಲ್ಲೇ ಹೇಳಿಡಿ, ಆಗ ಡಾಕ್ಟರ್ ಹೆಚ್ಚು ಹೊತ್ತು ಕೊಡುತ್ತಾರೆ.