ಪೋಕೆಮಾನ್ ಟಿಸಿಜಿ ಪಾಕೆಟ್‌ನಲ್ಲಿ ಬೆಂಕಿ ಡೆಕ್: ವರ್ಷ ದಾಟಿದ ಮೇಲೆ ನನ್ನ ಅನುಭವ

ಪೋಕೆಮಾನ್ ಟಿಸಿಜಿ ಪಾಕೆಟ್ ಅಂದರೆ ಫೋನಿನಲ್ಲಿ ಆಡುವ ಪೋಕೆಮಾನ್ ಕಾರ್ಡ್ ಆಟ. ಈ ಗೇಮ್ ನನ್ನ ಫೋನಿಗೆ ಬಂದಿದ್ದು ಅಕ್ಕನ ಮಗನ ಕೃಪೆಯಿಂದ. 2024ರ ಅಕ್ಟೋಬರ್ 30ಕ್ಕೆ ಗೇಮ್ ಬಿಡುಗಡೆಯಾಯಿತು. ಎರಡು ವಾರ ಕಳೆದಿರಲಿಲ್ಲ, ಊಟಕ್ಕೆ ಬಂದವನು ನನ್ನ ಫೋನ್ ಕಸಿದುಕೊಂಡು ಹಾಕಿಯೇ ಬಿಟ್ಟ. "ಮಾಮ, ದಿನಕ್ಕೆ ಎರಡು ಕಾರ್ಡ್ ಪ್ಯಾಕ್ ಫ್ರೀ. ಸುಮ್ನೆ ಒಡೀತಾ ಇರು" ಅಂದ. ನಾಲ್ಕನೇ ದಿನ ಚಾರಿಝಾರ್ಡ್ ಇಎಕ್ಸ್ ಅನ್ನೋ ಬೆಂಕಿ ಪೋಕೆಮಾನ್ ಕಾರ್ಡ್ ಬಂತು. ಅವತ್ತಿನಿಂದ ನಾನು ಬೆಂಕಿ ಪಾರ್ಟಿ. ಅವನು ನೀರು. ಬೆಂಕಿಗೆ ನೀರೇ ಶತ್ರು ಅನ್ನೋದು ಈ ಆಟದಲ್ಲೂ ನಿಜ. ನೀರಿನ ಏಟು ಬಿದ್ದರೆ ಹೆಚ್ಚಿನ ಬೆಂಕಿ ಪೋಕೆಮಾನ್‌ಗಳಿಗೆ 20 ಡ್ಯಾಮೇಜ್ ಜಾಸ್ತಿ.

ಆಡದವರಿಗೆ ಎರಡು ಮಾತು. ಡೆಕ್ ಅಂದರೆ ಆಡಲು ಜೋಡಿಸಿಕೊಂಡ ಕಾರ್ಡ್ ಕಟ್ಟು, ಅದರಲ್ಲಿ ಇರೋದು 20 ಕಾರ್ಡ್ ಅಷ್ಟೇ. ಒಂದೇ ಹೆಸರಿನ ಕಾರ್ಡ್ ಎರಡಕ್ಕಿಂತ ಹೆಚ್ಚು ಹಾಕುವಂತಿಲ್ಲ. ಏಟು ಕೊಡಲು ಎನರ್ಜಿ ಬೇಕು. ಅದಕ್ಕೆ ಬೇರೆ ಕಾರ್ಡ್ ಇಲ್ಲ, ಪ್ರತಿ ಸರದಿಗೆ ಒಂದು ಎನರ್ಜಿ ತಾನಾಗೇ ಸಿಗುತ್ತದೆ. ಮೊದಲು ಆಡುವವರಿಗೆ ಮಾತ್ರ ಮೊದಲ ಸರದಿಯಲ್ಲಿ ಅದೂ ಇಲ್ಲ. ಮೂರು ಪಾಯಿಂಟ್ ಮಾಡಿದವರು ಗೆದ್ದಂತೆ. ಸಾಮಾನ್ಯ ಪೋಕೆಮಾನ್ ಬಿದ್ದರೆ ಎದುರಾಳಿಗೆ ಒಂದು ಪಾಯಿಂಟ್, ಹೆಸರಿನ ಕೊನೆಗೆ ಇಎಕ್ಸ್ ಇರುವ ಬಲವಾದದ್ದು ಬಿದ್ದರೆ ಎರಡು.

ಮೊದಲ ತಿಂಗಳು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಕೈಯಲ್ಲಿದ್ದ ಕೆಂಪು ಕಾರ್ಡ್ ಎಲ್ಲ ತುಂಬಿದೆ. ಚಾರಿಝಾರ್ಡ್, ಆರ್ಕನೈನ್, ನೈನ್‌ಟೇಲ್ಸ್, ಮ್ಯಾಗ್ಮಾರ್, ಒಂದು ಕುದುರೆ. ಎಲ್ಲರೂ ಬೆಂಕಿಯವರೇ, ಆದರೆ ಒಬ್ಬರಿಗೊಬ್ಬರು ಸಂಬಂಧ ಇಲ್ಲ. ಮದುವೆ ಮನೆಗೆ ಹತ್ತು ಜನ ಅಡುಗೆಯವರನ್ನು ಕರೆದು ಒಂದೇ ಒಲೆ ಕೊಟ್ಟ ಹಾಗೆ. ಸರದಿಗೆ ಸಿಗೋದು ಒಂದೇ ಎನರ್ಜಿ ಅಲ್ವಾ, ಅದನ್ನು ಯಾರಿಗೆ ಅಂತ ಕೊಡೋದು?

ಚಾರಿಝಾರ್ಡ್‌ನ ಕ್ರಿಮ್ಸನ್ ಸ್ಟಾರ್ಮ್ ಅನ್ನೋ ಏಟು 200 ಡ್ಯಾಮೇಜ್ ಕೊಡುತ್ತದೆ. ಮೊದಲ ಸೆಟ್ ಜೆನೆಟಿಕ್ ಏಪೆಕ್ಸ್‌ನಲ್ಲಿ ಅತಿ ಹೆಚ್ಚು ಎಚ್‌ಪಿ, ಅಂದರೆ ಏಟು ತಾಳುವ ಶಕ್ತಿ, ಇದ್ದದ್ದು ವೀನಸಾರ್ ಇಎಕ್ಸ್‌ಗೆ, 190. ಅಂದರೆ ಆಗ ಇದರ ಒಂದೇ ಏಟಿಗೆ ಯಾರೂ ಉಳಿಯುತ್ತಿರಲಿಲ್ಲ. ಆದರೆ ಅದಕ್ಕೆ ನಾಲ್ಕು ಎನರ್ಜಿ ಬೇಕು. ಏಟು ಕೊಟ್ಟ ಮೇಲೆ ಎರಡು ಬೆಂಕಿ ಎನರ್ಜಿ ಬಿಸಾಡಬೇಕು. ಅಜ್ಜಿ ಮನೆಯ ಹಂಡೆ ಒಲೆ ನೆನಪಾಗುತ್ತಿತ್ತು ನನಗೆ. ನೀರು ಕುದಿಯುತ್ತದೆ, ಸರಿ, ಆದರೆ ಸೌದೆ ಹಾಕುತ್ತಲೇ ಇರಬೇಕು.

ಇಲ್ಲಿ ಒಂದು ಲೆಕ್ಕ ಗೊತ್ತಾಗಲು ನನಗೆ ಎರಡು ತಿಂಗಳು ಹಿಡಿಯಿತು. ಸ್ಟಾರ್ಮ್ ಹೊಡೆದ ಮೇಲೆ ಎರಡು ಎನರ್ಜಿ ಉಳಿಯುತ್ತದೆ. ಮುಂದಿನ ಸರದಿಗೆ ಒಂದು ಸೇರಿ ಮೂರು. ಮೂರಕ್ಕೆ ಸ್ಲ್ಯಾಶ್ ಅಂತ 60ರ ಏಟು ಇದೆ, ಅದರಲ್ಲಿ ಏನೂ ಬಿಸಾಡಬೇಕಿಲ್ಲ. ಅದರ ಮುಂದಿನ ಸರದಿಗೆ ಮತ್ತೆ ನಾಲ್ಕು, ಮತ್ತೆ ಸ್ಟಾರ್ಮ್. ನಾನು ಮಧ್ಯದ ಸರದಿಯಲ್ಲಿ "ಇನ್ನೂ ಆಗಿಲ್ಲ" ಅಂತ ಸುಮ್ಮನೆ ಕೂರುತ್ತಿದ್ದೆ! ಆ 60 ಕಡೆ ನೋಡಿಯೇ ಇರಲಿಲ್ಲ.

ಸೌದೆ ಒಟ್ಟುವ ಕೆಲಸ ಮೋಲ್ಟ್ರೆಸ್ ಇಎಕ್ಸ್‌ದು. ಒಂದು ಎನರ್ಜಿ ಕೊಟ್ಟರೆ ಇನ್ಫರ್ನೋ ಡ್ಯಾನ್ಸ್ ಮಾಡುತ್ತದೆ. ಮೂರು ನಾಣ್ಯ ಚಿಮ್ಮುತ್ತದೆ, ಎಷ್ಟು ಹೆಡ್ಸ್ ಬಿತ್ತೋ ಅಷ್ಟು ಬೆಂಕಿ ಎನರ್ಜಿ ಬೆಂಚ್ ಮೇಲೆ, ಅಂದರೆ ಹಿಂದೆ ಸರದಿ ಕಾಯುತ್ತಿರುವ ಬೆಂಕಿ ಪೋಕೆಮಾನ್‌ಗಳಿಗೆ. ಎಂಟಕ್ಕೆ ಒಂದು ಸಲ ಮೂರೂ ಹೆಡ್ಸ್, ಎಂಟಕ್ಕೆ ಒಂದು ಸಲ ಒಂದೂ ಇಲ್ಲ. ಸರಾಸರಿ ಒಂದೂವರೆ. ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ಸರದಿಗೆ ಒಂದೇ ಸಿಗುವ ಆಟದಲ್ಲಿ ಮೇಲಿಂದ ಒಂದೂವರೆ ಅಂದರೆ ಸಣ್ಣ ಮಾತಲ್ಲ.

ಒಂದು ಪಂದ್ಯ ಮಾತ್ರ ಇನ್ನೂ ಮರೆತಿಲ್ಲ. ದಸರಾ ರಜೆಗೆ ಅಕ್ಕನ ಮಗ ಬಂದಿದ್ದ. ಪಾಸ್‌ವರ್ಡ್ ಹಾಕಿಕೊಂಡು ಒಂದೇ ಸೋಫಾದಲ್ಲಿ ಕೂತು ಆಡಿದೆವು. ಅವನು ಮೊದಲು, ನಾನು ಎರಡನೆಯವನು. ಮುಂದೆ ಮೋಲ್ಟ್ರೆಸ್, ಬೆಂಚ್‌ನಲ್ಲಿ ಚಾರ್ಮ್ಯಾಂಡರ್. ಅದೇ ಬೆಳೆದು ಚಾರ್ಮೀಲಿಯನ್, ಆಮೇಲೆ ಚಾರಿಝಾರ್ಡ್ ಆಗೋದು. ಇದಕ್ಕಿಂತ ಒಳ್ಳೆ ಶುರು ಇಲ್ಲ. ಡ್ಯಾನ್ಸ್ ಮಾಡಿಸಿದೆ. ಟೇಲ್ಸ್, ಟೇಲ್ಸ್, ಟೇಲ್ಸ್. ಅವನ ಸರದಿಗೆ ಸ್ಟಾರ್ಮಿ ಇಎಕ್ಸ್ ಅನ್ನೋ ನೀರಿನ ಪೋಕೆಮಾನ್ ಬಂತು. ಜೊತೆಗೆ ಹೆಡ್ಸ್‌ಗೊಂದು ನೀರಿನ ಎನರ್ಜಿ ಕೊಡುವ ಮಿಸ್ಟಿ ಕಾರ್ಡ್, ಅದರಲ್ಲಿ ಎರಡು ಹೆಡ್ಸ್. ಮೋಲ್ಟ್ರೆಸ್‌ಗೆ 90 ಬಿತ್ತು, ಉಳಿದದ್ದು 50. ನನ್ನ ಸರದಿ. ಚಾರ್ಮೀಲಿಯನ್ ಮಾಡಿಕೊಂಡೆ, ಒಂದು ಎನರ್ಜಿ ಅದಕ್ಕೇ ಹಾಕಿ ಮತ್ತೆ ಡ್ಯಾನ್ಸ್. ಮೂರೂ ಹೆಡ್ಸ್! ಚಾರ್ಮೀಲಿಯನ್ ಮೇಲೆ ನಾಲ್ಕು ಎನರ್ಜಿ. ನಾನು ಎದ್ದೇ ನಿಂತೆ. ಅವನು ಮೋಲ್ಟ್ರೆಸ್ ಬೀಳಿಸಿ ಎರಡು ಪಾಯಿಂಟ್ ತಗೊಂಡ. ತಗೋ ಪರವಾಗಿಲ್ಲ, ಈಗ ಚಾರಿಝಾರ್ಡ್ ಒಂದು ಕೈಗೆ ಬಂದರೆ ಸಾಕು ಅಂದುಕೊಂಡೆ. ಪ್ರೊಫೆಸರ್ಸ್ ರಿಸರ್ಚ್ ಹಾಕಿ ಎರಡು ಕಾರ್ಡ್ ಎಳೆದೆ. ಪೋಷನ್. ಇನ್ನೊಂದು ಎಕ್ಸ್ ಸ್ಪೀಡ್. ಚಾರ್ಮೀಲಿಯನ್‌ನಿಂದ 60 ಹೊಡೆದು ಕೈಕಟ್ಟಿ ಕೂತೆ. ಮುಂದಿನ ಏಟಿಗೆ ಅದೂ ಹೋಯಿತು. "ಮಾಮ, ನಿನ್ ಒಲೆ ಉರೀತಿತ್ತು, ಪಾತ್ರೆನೇ ಇರ್ಲಿಲ್ಲ" ಅಂದ ಹುಡುಗ.

ಹುಡುಗ ಹೇಳಿದ್ದು ಸರಿಯಾಗೇ ಇತ್ತು. ಅವತ್ತು ರಾತ್ರಿಯೇ ಕೂತು ಡೆಕ್ ಬಿಚ್ಚಿದೆ. ಬೇಸಿಕ್, ಅಂದರೆ ಮೊದಲ ಹಂತದ ಪೋಕೆಮಾನ್ ನಾಲ್ಕೇ ಉಳಿಸಿದೆ, ಎರಡು ಚಾರ್ಮ್ಯಾಂಡರ್, ಎರಡು ಮೋಲ್ಟ್ರೆಸ್. ಕಡಿಮೆ ಇದ್ದಷ್ಟೂ ಒಳ್ಳೆಯದು, ಯಾಕೆಂದರೆ ಪೋಕೆ ಬಾಲ್ ಡೆಕ್‌ನಿಂದ ಯಾವುದೋ ಒಂದು ಬೇಸಿಕ್ ಎತ್ತಿ ಕೊಡುತ್ತದೆ. ಬೇಡದ್ದು ಡೆಕ್‌ನಲ್ಲೇ ಇಲ್ಲದಿದ್ದರೆ ಬೇಡದ್ದು ಬರೋದೂ ಇಲ್ಲ. ಚಾರ್ಮೀಲಿಯನ್ ಒಂದು ತೆಗೆದೆ. ಅದರ ಜಾಗಕ್ಕೆ ಎರಡು ರೇರ್ ಕ್ಯಾಂಡಿ. 2025ರ ಏಪ್ರಿಲ್ ಕೊನೆಗೆ ಸೆಲೆಸ್ಟಿಯಲ್ ಗಾರ್ಡಿಯನ್ಸ್ ಸೆಟ್ ಜೊತೆ ಬಂದ ಕಾರ್ಡ್ ಅದು. ಮಧ್ಯದ ಮೆಟ್ಟಿಲು ಬಿಟ್ಟು ಚಾರ್ಮ್ಯಾಂಡರ್‌ನಿಂದ ನೇರ ಚಾರಿಝಾರ್ಡ್‌ಗೆ ಹಾರಿಸುತ್ತದೆ. ನಾನು ತಿಂಗಳುಗಟ್ಟಲೆ ಅದನ್ನು ಮುಟ್ಟಿರಲಿಲ್ಲ. ಚಿತ್ರ ಚೆನ್ನಾಗಿಲ್ಲ ಅಂತ, ನಗಬೇಡಿ.

ಉಳಿದದ್ದರಲ್ಲಿ ಪ್ರೊಫೆಸರ್ ಎರಡು, ಪೋಕೆ ಬಾಲ್ ಎರಡು, ಎದುರಾಳಿಯ ಮುಂದಿನ ಪೋಕೆಮಾನನ್ನು ಹಿಂದಕ್ಕೆ ಕಳಿಸುವ ಸಬ್ರಿನಾ ಎರಡು. ಜಿಯೋವಾನಿ ಒಂದು ಇರಲೇಬೇಕು. ಎದುರಾಳಿಗೆ 210 ಎಚ್‌ಪಿ ಇದ್ದರೂ, ಜಿಯೋವಾನಿಯ 10 ಸೇರಿದರೆ ನಮ್ಮ ಏಟೂ 210. ಮೋಲ್ಟ್ರೆಸ್ ಹಿಂದೆ ಸರಿಯಲು ಎರಡು ಎನರ್ಜಿ ಬೇಕು. ಲೀಫ್ ಕಾರ್ಡ್ ಆ ಎರಡನ್ನೂ ಮನ್ನಾ ಮಾಡುತ್ತದೆ. ಆದರೆ ಲೀಫ್, ಪ್ರೊಫೆಸರ್ ಥರದ ಸಪೋರ್ಟರ್ ಕಾರ್ಡ್ ಸರದಿಗೆ ಒಂದೇ ಆಡಬಹುದು. ಲೀಫ್ ಹಾಕಿದರೆ ಪ್ರೊಫೆಸರ್ ಇಲ್ಲ. ಹಾಗಾಗಿ ಹಿಂದೆ ಸರಿಯುವ ಖರ್ಚಲ್ಲಿ ಒಂದು ಎನರ್ಜಿ ಉಳಿಸುವ ಎಕ್ಸ್ ಸ್ಪೀಡ್ ನಾನು ಬಿಟ್ಟಿಲ್ಲ. ಅದು ಐಟಂ, ಎಷ್ಟು ಬೇಕಾದರೂ ಆಡಬಹುದು.

ಶೈನಿಂಗ್ ರೆವೆಲ್ರಿ ಸೆಟ್‌ನಲ್ಲಿ ಇನ್ನೊಂದು ಚಾರಿಝಾರ್ಡ್ ಇಎಕ್ಸ್ ಬಂತು. ಅದು ಮೋಲ್ಟ್ರೆಸ್ ಹಂಗಿಲ್ಲದೆ ತನಗೆ ತಾನೇ ಮೂರು ಎನರ್ಜಿ ಹಾಕಿಕೊಳ್ಳುತ್ತದೆ, ನಾಣ್ಯದ ಗೋಜೇ ಇಲ್ಲ. ಹಳೆಯದು ಎರಡು, ಹೊಸದು ಎರಡು ಹಾಕೋಣ ಅಂತ ಹೋದೆ. ಆಗಲಿಲ್ಲ. ಹೆಸರು ಒಂದೇ, ಹಾಗಾಗಿ ಒಟ್ಟು ಎರಡೇ. ಈಗ ಒಂದೊಂದು ಇಟ್ಟಿದ್ದೇನೆ. ನನ್ನ ಪ್ರಕಾರ ಇದೇ ಸರಿಯಾದ ಹದ. ನಾಣ್ಯ ಕೈಕೊಟ್ಟ ದಿನ ಹೊಸದು ಕಾಯುತ್ತದೆ.

ಹೊಸಬರಿಗೆ ಇದ್ಯಾವುದೂ ಬೇಡ. ಏಟಿಗೆ 30 ಸೇರಿಸುವ ಬ್ಲೇನ್ ಕಾರ್ಡ್ ಇಟ್ಟು ಬ್ಲೇನ್ ಡೆಕ್ ಕಟ್ಟಿ. ಪೊನಿಟಾ, ರಾಪಿಡ್ಯಾಶ್, ವಲ್ಪಿಕ್ಸ್, ನೈನ್‌ಟೇಲ್ಸ್, ಎರಡು ಬ್ಲೇನ್. ರಾಪಿಡ್ಯಾಶ್ ಒಂದೇ ಎನರ್ಜಿಗೆ 40 ಹೊಡೆಯುತ್ತದೆ, ಬ್ಲೇನ್ ಸೇರಿದರೆ 70. ನೈನ್‌ಟೇಲ್ಸ್ ಎರಡು ಎನರ್ಜಿಗೆ 90, ಬ್ಲೇನ್ ಸೇರಿದರೆ 120. ಇಎಕ್ಸ್ ಒಂದೂ ಇಲ್ಲದ್ದರಿಂದ ಎದುರಾಳಿ ಮೂರು ಪೋಕೆಮಾನ್ ಬೀಳಿಸಬೇಕು. ನಾನು ನೆಟ್‌ವರ್ಕ್ ಸರಿಯಿಲ್ಲದ ರೈಲಿನಲ್ಲಿ ಆಡೋದೂ ಇದೇ ಡೆಕ್. ಸೋಲೋ ಗೆಲುವೋ, ಬೇಗ ಮುಗಿಯುತ್ತದೆ.

ದುಡ್ಡಿನ ವಿಷಯ. ತಿಂಗಳ ಪಾಸ್ ತಗೊಂಡರೆ ದಿನಕ್ಕೆ ಇನ್ನೊಂದು ಪ್ಯಾಕ್ ಸಿಗುತ್ತದೆ. ನಾನು ಇಲ್ಲಿಯವರೆಗೆ ಒಂದು ರೂಪಾಯಿ ಹಾಕಿಲ್ಲ. ಹಾಕದಿದ್ದರೆ ತಾಳ್ಮೆ ಬೇಕು, ಅಷ್ಟೇ. ಪ್ಯಾಕ್ ಒಡೆದಾಗ ಐದು ಪಾಯಿಂಟ್, ಮಾಮೂಲಿ ಇಎಕ್ಸ್ ಕಾರ್ಡ್ ಕೊಳ್ಳಲು 500 ಪಾಯಿಂಟ್. ಅಂದರೆ ನೂರು ಪ್ಯಾಕ್, ದಿನಕ್ಕೆ ಎರಡರಂತೆ ಐವತ್ತು ದಿನ. ಒಂದು ಸೆಟ್‌ನ ಪಾಯಿಂಟ್ ಇನ್ನೊಂದು ಸೆಟ್‌ಗೆ ನಡೆಯೋದಿಲ್ಲ. ಆದ್ದರಿಂದ ಎಲ್ಲ ಸೆಟ್‌ಗೂ ಕೈ ಹಾಕಬೇಡಿ. ನಾನು ಮೊದಲ ಆರು ತಿಂಗಳು ಹಾಕಿದೆ, ಐದು ಕಡೆ ಅರ್ಧಂಬರ್ಧ ಪಾಯಿಂಟ್ ಇನ್ನೂ ಬಿದ್ದಿದೆ.

ಗೇಮ್‌ನಲ್ಲಿ ಕನ್ನಡ ಇಲ್ಲ. ಇಂಗ್ಲಿಷ್ ಸಾಲುಗಳು ಚಿಕ್ಕವು, ಓದಿಕೊಳ್ಳಬಹುದು. ಅಕ್ಷರ ಮಾತ್ರ ಇರುವೆ ಸಾಲು. ನನ್ನಂಥ ನಲವತ್ತು ದಾಟಿದವರು ಕಾರ್ಡ್ ಮೇಲೆ ಬೆರಳು ಒತ್ತಿ ಹಿಡಿದು ದೊಡ್ಡದು ಮಾಡಿಕೊಳ್ಳಿ.

ಮೆಗಾ ಕಾರ್ಡ್‌ಗಳು ಬಂದ ಮೇಲೆ ಹಳೆ ಚಾರಿಝಾರ್ಡ್‌ನ 200ಕ್ಕೆ ಮೊದಲಿನ ಬೆಲೆ ಇಲ್ಲ, ಒಪ್ಪುತ್ತೇನೆ. ಆ ಏಟು ತಿಂದೂ ನಿಲ್ಲುವವರು ಈಗ ಇದ್ದಾರೆ. ಆದರೆ ಮೆಗಾ ಇಎಕ್ಸ್ ಬಿದ್ದರೆ ಮೂರು ಪಾಯಿಂಟ್, ಅಂದರೆ ಆಟವೇ ಮುಗಿಯಿತು. 2025ರ ಡಿಸೆಂಬರ್‌ನ ಕ್ರಿಮ್ಸನ್ ಬ್ಲೇಜ್ ಸೆಟ್‌ನಲ್ಲಿ ಮೆಗಾ ಚಾರಿಝಾರ್ಡ್ ವೈ ಇಎಕ್ಸ್ ಬಂದಿದೆ. ಅದೂ ನನ್ನ ಹಳೆ ಚಾರ್ಮ್ಯಾಂಡರ್ ಮೇಲೇ ಕೂರುತ್ತದೆ, ರೇರ್ ಕ್ಯಾಂಡಿಯೂ ನಡೆಯುತ್ತದೆ. ಆ ಸೆಟ್‌ನಲ್ಲಿ ನನ್ನ ಹತ್ತಿರ ಈಗ 460 ಪಾಯಿಂಟ್ ಇದೆ. ಇನ್ನು ಎಂಟು ಪ್ಯಾಕ್, ನಾಲ್ಕು ದಿನ. ಹುಡುಗನಿಗೆ ಇನ್ನೂ ಹೇಳಿಲ್ಲ.