ಜಮೀನು ಪ್ಲಾಂಟೇಶನ್‌ಗೋ, ಗಣಿಗೋ?

ಊರಿನ ಜಮೀನು ಕೇಳಿಕೊಂಡು ಪ್ಲಾಂಟೇಶನ್‌ನವರೂ ಗಣಿಯವರೂ ಬಂದಿದ್ದರೆ, ಮೊದಲು ಎಷ್ಟು ವರ್ಷಕ್ಕೆ ಅಂತ ಕೇಳಿ. ತಾಳೆ ಎಣ್ಣೆಯ ಮರ ಮೂರ್ನಾಲ್ಕು ವರ್ಷಕ್ಕೆ ಫಸಲು ಶುರುಮಾಡಿ ಸುಮಾರು 25 ವರ್ಷ ಕೊಡುತ್ತದೆ, ಆಮೇಲೆ ಕಡಿದು ಮತ್ತೆ ನೆಡುತ್ತಾರೆ. ಅಂದರೆ ಜಮೀನು ಕೈಗೆ ಬರುವಾಗ ಮೊಮ್ಮಕ್ಕಳ ಕಾಲ, ಅಲ್ವಾ? ಕಾಡಿದ್ದಲ್ಲಿ ಒಂದೇ ಜಾತಿಯ ಮರ, ಕೂಲಿಗೆ ಹೊರಗಿನ ಜನ, ಅವರಿಗೆ ಲೈನ್ ಮನೆಗಳು. ಆದರೂ ಮಣ್ಣು ಉಳಿಯುತ್ತದೆ.

ಗಣಿ ಹಾಗಲ್ಲ. ಅದಿರು ಮುಗಿದರೆ ಕೆಲಸವೂ ಮುಗೀತು. ಅಗೆದು ಸುರಿದ ಗಂಧಕದ ಅಂಶವಿರುವ ಕಲ್ಲಿಗೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟುತ್ತದೆ. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಹಳ್ಳದ ನೀರು ಕಿತ್ತಳೆ ಬಣ್ಣದಲ್ಲೇ ಹರಿಯಬಹುದು. ಪೆಸಿಫಿಕ್ ಸಾಗರದ ನೌರು ದ್ವೀಪದಲ್ಲಿ 1907ರಿಂದ ಗೊಬ್ಬರಕ್ಕೆ ಬಳಸುವ ಫಾಸ್ಫೇಟ್ ಅಗೆದು ಸಾಗಿಸಿ ಸಾಗಿಸಿ, ಈಗ ನಡುಭಾಗದಲ್ಲಿ ಬರೀ ಸುಣ್ಣಕಲ್ಲಿನ ಮೊನೆಗಳು.

ನನ್ನ ಮತ ಪ್ಲಾಂಟೇಶನ್‌ಗೆ, ಅದೂ ಮಾರದೆ ಗುತ್ತಿಗೆಗೆ ಕೊಟ್ಟರೆ ಮಾತ್ರ. ಗಣಿಗೇ ಒಪ್ಪುವುದಾದರೆ, ಮುಚ್ಚುವ ಖರ್ಚಿನ ಠೇವಣಿ ಮೊದಲೇ ಇಡಿಸಿಕೊಳ್ಳಿ.