ತಲಪಾಡಿ ದಾಟಿ ಬಂದ ಟರ್ಬೊ ಕಾರು: ಕೊಳ್ಳುವ ಮೊದಲು ನೋಡಿದ್ದು, ಕೊಂಡ ಮೇಲೆ ತಿಳಿದದ್ದು

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಬದಿಯಡ್ಕದಲ್ಲಿರುವ ನಮ್ಮ ಮನೆಯಂಗಳಕ್ಕೆ 2021ನೇ ಮಾದರಿಯ ಫೋಕ್ಸ್‌ವ್ಯಾಗನ್ ಪೊಲೊ ಬಂದು ಒಂಬತ್ತು ತಿಂಗಳಾಯಿತು. ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಪೆಟ್ರೋಲ್ ಎಂಜಿನ್, 110 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್ ಎಂದರೆ ತಿರುಗಿಸುವ ಬಲ, ಆರು ಗೇರಿನ ಮ್ಯಾನುವಲ್. ಸುಮಾರು ಒಂದು ಟನ್ನು ತೂಗುವ ಕಾರಿಗೆ ಇಷ್ಟು ಬಲ ಸಿಕ್ಕಿದರೆ ಅದು ಹೇಗೆ ಓಡುತ್ತದೆ ಎಂಬುದನ್ನು ಚೆರ್ಕಳ–ಕಲ್ಲಡ್ಕ ರಸ್ತೆಯ ಏರುಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಆದರೆ ಈ ವಿಮರ್ಶೆಯಲ್ಲಿ ಕೊಂಡ ಕಾರಿಗಿಂತ ಕೊಳ್ಳದೆ ಬಿಟ್ಟ ಎರಡು ಕಾರುಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಸಾಧಾರಣ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುತ್ತೇವೆ. ವೇಗದ ಕಾರಿಗೆ ಆ ಪ್ರಶ್ನೆ ಸಾಲದು, ಅದನ್ನು ಓಡಿಸಿದವರು ಹೇಗೆ ಓಡಿಸಿದರು ಎಂಬುದನ್ನು ಕಾರಿನ ಮೈಯಿಂದಲೇ ಓದಿಕೊಳ್ಳಬೇಕು. ಗಡಿಯಲ್ಲಿರುವ ನಮಗೆ ಇನ್ನೊಂದು ಓದೂ ಇದೆ, ಅದು ಕಾಗದಪತ್ರಗಳದ್ದು.

ಟರ್ಬೊ ಎಂಜಿನ್ನಿನ ವೇಗದ ಸಣ್ಣ ಕಾರುಗಳ ಈ ವರ್ಗದಲ್ಲಿ ಆಯ್ಕೆ ಹೆಚ್ಚಿಲ್ಲ. 2013ರಲ್ಲಿ ಬಂದ ಪೊಲೊ ಜಿಟಿ ಟಿಎಸ್‌ಐಯಲ್ಲಿ ನಾಲ್ಕು ಸಿಲಿಂಡರಿನ 1.2 ಲೀಟರ್ ಎಂಜಿನ್ ಮತ್ತು ತಾನಾಗಿ ಗೇರ್ ಬದಲಿಸುವ, ಏಳು ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇತ್ತು. ಫಿಯೆಟ್‌ನ ಅಬಾರ್ಥ್ ಪುಂಟೊ ಸುಮಾರು 145 ಪಿಎಸ್‌ನ ಗಾಡಿ; ಓಡಿಸಲು ಅದರಷ್ಟು ಖುಷಿ ಕೊಡುವುದು ಬೇರೆ ಇಲ್ಲ, ಆದರೆ ಫಿಯೆಟ್ ಇಲ್ಲಿ ಮಾರಾಟ ನಿಲ್ಲಿಸಿ ವರ್ಷಗಳಾಗಿರುವುದರಿಂದ ಬಿಡಿಭಾಗ ಹುಡುಕುವ ತಾಳ್ಮೆ ಇದ್ದವರಿಗೆ ಮಾತ್ರ ಅದು ಸಲ್ಲುತ್ತದೆ. 2017ರ ಬಲೆನೊ ಆರ್‌ಎಸ್, 2018ರ ಟಿಯಾಗೊ ಜೆಟಿಪಿ, 2021ರಲ್ಲಿ ಬಂದ ಐ20 ಎನ್ ಲೈನ್ ಉಳಿದವು. ಪೊಲೊ ತಯಾರಿಕೆ 2022ರಲ್ಲಿ ನಿಂತರೂ ಅದರ ಒಂದು ಲೀಟರಿನ ಎಂಜಿನ್ ಟೈಗುನ್ ಮತ್ತು ವರ್ಟಸ್ ಕಾರುಗಳಲ್ಲಿ ಮುಂದುವರಿದಿದೆ, ಹಾಗಾಗಿ ಎಂಜಿನ್ನಿನ ಭಾಗಗಳ ಚಿಂತೆ ಸದ್ಯಕ್ಕಿಲ್ಲ. ನಾನು ಅದನ್ನೇ ಹುಡುಕಿದ್ದಕ್ಕೆ ಕಾರಣ ಇಷ್ಟೇ.

ಮೊದಲು ನೋಡಿದ್ದು ಮಂಗಳೂರಿನಲ್ಲಿ ಹಳೆಯ ಕಾರು ಮಾರುವ ಒಂದು ಯಾರ್ಡಿನಲ್ಲಿದ್ದ ಕೆಂಪು ಕಾರು. ಯಾರ್ಡಿನ ಹೆಸರೂ ಕಾರಿನ ಹೆಸರೂ ಇಲ್ಲಿ ಬೇಡ. ಬೆಳಿಗ್ಗೆ ಬರುತ್ತೇವೆ, ಅದಕ್ಕೆ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ರಾತ್ರಿಯೇ ಫೋನಿನಲ್ಲಿ ಹೇಳಿದ್ದೆ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟರೆ ಅದು ಬೆಚ್ಚಗಿತ್ತು. ತೊಳೆದು ಈ ಬದಿಗೆ ತಂದು ನಿಲ್ಲಿಸಿದೆವು ಎಂಬ ಉತ್ತರ ಬಂತು, ಅದು ನಿಜವೂ ಇರಬಹುದು. ಆದರೆ ಟರ್ಬೊ ಕಾರು ತನ್ನ ಕಷ್ಟ ಹೇಳಿಕೊಳ್ಳುವುದು ರಾತ್ರಿಯಿಡೀ ತಣ್ಣಗೆ ನಿಂತು ಎದ್ದ ಮೊದಲ ಅರ್ಧ ನಿಮಿಷದಲ್ಲಿ. ಎಂಜಿನ್ನಿನ ಒಳಗಿನ ಕಟಕಟ ಸದ್ದು, ಸೈಲೆನ್ಸರಿನಿಂದ ಒಮ್ಮೆ ಹಾರಿ ಮಾಯವಾಗುವ ನೀಲಿ ಹೊಗೆ, ಸ್ಥಿರವಾಗದೆ ಏರಿಳಿಯುವ ಐಡ್ಲಿಂಗು, ಇವೆಲ್ಲ ಎಂಜಿನ್ ಬಿಸಿಯಾದ ಮೇಲೆ ಅಡಗಿಬಿಡುತ್ತವೆ. ಬಾನೆಟ್ ಬಿಸಿಯಿದ್ದರೆ ಜಗಳ ಬೇಡ, ಇನ್ನೊಂದು ದಿನ ಬರುತ್ತೇವೆ ಎಂದು ಹೇಳಿ ಹೊರಡುವುದು ಒಳ್ಳೆಯದು. ಮಾರುವವರು ಆ ಇನ್ನೊಂದು ದಿನಕ್ಕೆ ಒಪ್ಪುತ್ತಾರೋ ಇಲ್ಲವೋ ಎಂಬುದೂ ಒಂದು ಪರೀಕ್ಷೆಯೇ.

ನಾನು ಹೊರಡಲಿಲ್ಲ, ಏಕೆಂದರೆ ಜೊತೆಗೆ ನೀರ್ಚಾಲಿನ ಮೆಕ್ಯಾನಿಕ್ ಒಬ್ಬರು ಬಂದಿದ್ದರು ಮತ್ತು ಅವರ ಒಂದು ದಿನದ ಕೂಲಿಯನ್ನು ನಾನೇ ಕೊಡಬೇಕಿತ್ತು. ಅವರು ಎಂಜಿನ್ ನೋಡುವ ಮೊದಲು ಡ್ರೈವರ್ ಸೀಟಿನಲ್ಲಿ ಕುಳಿತು ಗಾಜಿನ ಪಕ್ಕದ ಕಂಬದ ಮೇಲೆ ಹೆಬ್ಬೆರಳು ಸವರಿದರು. ಅಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಅಂಟು ಉಳಿದಿತ್ತು. ಆಮೇಲೆ ಬಾನೆಟ್ ತೆಗೆದು ಒಂದು ತೆಳ್ಳಗಿನ ರಬ್ಬರ್ ಪೈಪನ್ನು ಬೆರಳಿನಿಂದ ಎತ್ತಿ ತೋರಿಸಿದರು. ಅದರ ನಡುವೆ ಮೂರು ಬಾಯಿಯ ಪ್ಲಾಸ್ಟಿಕ್ ಜೋಡಣೆಯೊಂದಿತ್ತು, ಮೂರನೆಯ ಬಾಯಿಗೆ ಸ್ಕ್ರೂ ತುರುಕಿ ಮುಚ್ಚಲಾಗಿತ್ತು. "ಇಲ್ಲಿ ಬೂಸ್ಟ್ ಮೀಟರ್ ಇತ್ತು ಮಾಷ್ಟ್ರೆ, ಮಾರುವುದಕ್ಕೆ ಅಂತ ಬಿಚ್ಚಿದ್ದಾರೆ. ಮೀಟರ್ ಹಾಕಿದವ ರೀಮ್ಯಾಪ್ ಮಾಡದೆ ಬಿಟ್ಟಿರಲಿಕ್ಕಿಲ್ಲ" ಎಂದರು.

ಬೂಸ್ಟ್ ಮೀಟರ್ ತೋರಿಸುವುದು ಟರ್ಬೊದ ಒತ್ತಡವನ್ನು. ರೀಮ್ಯಾಪ್ ಎಂದರೆ ಎಂಜಿನ್ನಿನ ಕಂಪ್ಯೂಟರಿನಲ್ಲಿರುವ ಲೆಕ್ಕಾಚಾರವನ್ನು ಬದಲಿಸಿ ಟರ್ಬೊದ ಒತ್ತಡ ಮತ್ತು ಇಂಧನ ಹೆಚ್ಚಿಸುವುದು. ಹೊರಗಿನಿಂದ ಒಂದು ನಟ್ಟೂ ಬದಲಾಗುವುದಿಲ್ಲ, ಮಾರುವ ಮೊದಲು ಹಳೆಯ ಲೆಕ್ಕವನ್ನು ಮರಳಿ ತುಂಬಿದರೆ ಓಡಿಸಿ ನೋಡಿದವರಿಗೂ ತಿಳಿಯುವುದಿಲ್ಲ. ಆದರೆ ಆ ಹೆಚ್ಚುವರಿ ಬಲವನ್ನು ಇಷ್ಟು ಕಾಲ ಹೊತ್ತ ಕ್ಲಚ್, ಗೇರ್‌ಬಾಕ್ಸ್ ಮತ್ತು ಟರ್ಬೊದ ಸವೆತವನ್ನು ಯಾವ ಲ್ಯಾಪ್‌ಟಾಪೂ ಮರಳಿ ತುಂಬಲಾರದು. ರೀಮ್ಯಾಪ್ ತಪ್ಪೆಂದು ನಾನು ಹೇಳುವುದಿಲ್ಲ, ಬಿಲ್ಲು ತೋರಿಸಿ ನೇರವಾಗಿ ಹೇಳುವವರನ್ನು ಬಚ್ಚಿಡುವವರಿಗಿಂತ ಹೆಚ್ಚು ನಂಬುತ್ತೇನೆ. ಗುರುತುಗಳು ಇನ್ನೂ ಇವೆ: ಏರ್ ಫಿಲ್ಟರ್ ಪೆಟ್ಟಿಗೆಯ ಸ್ಕ್ರೂಗಳ ತಲೆ ಸವೆದಿರುವುದು, ಎಕ್ಸಾಸ್ಟಿನ ಒಂದು ತುಂಡು ಮಾತ್ರ ಹೊಳೆಯುವಷ್ಟು ಹೊಸದಾಗಿರುವುದು, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರಬೇಕಾದಲ್ಲಿ ಬರೀ ಕೊಳವೆ ಇರುವುದು. ಕನ್ವರ್ಟರ್ ಇಲ್ಲದ ಗಾಡಿ ಹೊಗೆ ತಪಾಸಣೆಯಲ್ಲಿಯೇ ಸಿಕ್ಕಿಬೀಳಬೇಕಾದದ್ದು.

ಸ್ಕ್ಯಾನರನ್ನು ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದಾಗ ಒಂದೂ ದೋಷದ ಸಂಖ್ಯೆ ಬರಲಿಲ್ಲ. ನಾನು ಸಂತೋಷಪಟ್ಟೆ, ಮೆಕ್ಯಾನಿಕ್ ಪಡಲಿಲ್ಲ. ಕಂಪ್ಯೂಟರ್ ತನ್ನ ಹೊಗೆ ನಿಯಂತ್ರಣ ವ್ಯವಸ್ಥೆಯ ಒಂದೊಂದು ಭಾಗವನ್ನೂ ಓಡುತ್ತ ಓಡುತ್ತ ಪರೀಕ್ಷಿಸಿ ಮುಗಿದಿದೆ ಎಂದು ಗುರುತು ಹಾಕಿಕೊಳ್ಳುತ್ತದೆ. ದೋಷಗಳನ್ನು ಅಳಿಸಿದರೆ ಆ ಗುರುತುಗಳೂ ಅಳಿದುಹೋಗಿ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ದಿನಾ ಓಡುವ ಗಾಡಿ ಎಂದು ಹೇಳಿದ ಆ ಕಾರಿನಲ್ಲಿ ಹೆಚ್ಚಿನ ಪರೀಕ್ಷೆಗಳು ಅಪೂರ್ಣವೆಂದು ತೋರಿಸುತ್ತಿದ್ದವು. ಯಾರೋ ಒಂದೆರಡು ದಿನಗಳ ಹಿಂದಷ್ಟೇ ಹಲಗೆಯನ್ನು ಒರೆಸಿದ್ದರು. ಮೇಷ್ಟರಾದ ನನಗೆ ಈ ಉಪಾಯ ಹೊಸದಲ್ಲ.

ಅದು ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ಕಾರಾಗಿತ್ತು. ಅಂಥದ್ದನ್ನು ಹೆದ್ದಾರಿಯಲ್ಲಿ ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಸಣ್ಣ ಏರಿನಲ್ಲಿ ನಿಲ್ಲಿಸಿ, ಆಕ್ಸಿಲರೇಟರ್ ಮುಟ್ಟದೆ ಬ್ರೇಕಿನಿಂದ ಕಾಲು ತೆಗೆದು ನಡಿಗೆಯ ವೇಗದಲ್ಲಿ ಹತ್ತಿಸಬೇಕು, ಹಾಗೆಯೇ ರಿವರ್ಸಿನಲ್ಲಿಯೂ. ಯಾರ್ಡಿನ ಹಿಂದಿನ ಏರಿನಲ್ಲಿ ಕಾರು ಎರಡನೆಯ ಗೇರಿಗೆ ಬದಲಾಗುವಾಗ ಹಳೆಯ ಬಸ್ಸಿನಂತೆ ನಡುಗಿತು. ಒಣ ಕ್ಲಚ್ ಸವೆದಿದೆಯೋ, ಗೇರು ಬದಲಿಸುವ ಮೆಕಟ್ರಾನಿಕ್ಸ್ ಕೈಕೊಡುತ್ತಿದೆಯೋ ಎಂದು ಬಿಚ್ಚದೆ ಹೇಳಲಾಗದು, ಎರಡೂ ದುಬಾರಿ. ಮ್ಯಾನುವಲ್ ಗಾಡಿಯಾದರೆ ಪರೀಕ್ಷೆ ಸುಲಭ: ನಾಲ್ಕನೆಯ ಗೇರಿನಲ್ಲಿ 40 ಕಿಲೋಮೀಟರ್ ವೇಗದಿಂದ ಪೂರ್ತಿ ಒತ್ತಿದಾಗ ಎಂಜಿನ್ನಿನ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದೇ ಅರ್ಥ.

ಎರಡನೆಯದು ಕುಂಬಳೆಯ ಕಡಲ ಬದಿಯ ಮನೆಯೊಂದರದ್ದು. ಎಂಜಿನ್ ಚೆನ್ನಾಗಿತ್ತು, ಬೆಲೆಯೂ ಹಿಡಿಸುವಂತಿತ್ತು. ಆದರೆ ಜಾಕಿನಲ್ಲಿ ಎತ್ತಿ ಟಾರ್ಚು ಬಿಟ್ಟಾಗ ಬ್ರೇಕ್ ಎಣ್ಣೆಯ ಕೊಳವೆಗಳೂ ಎಂಜಿನ್ ಹೊರುವ ಮುಂದಿನ ಸಬ್‌ಫ್ರೇಮಿನ ಬೆಸುಗೆಗಳೂ ಉಪ್ಪುಗಾಳಿಗೆ ಪದರು ಪದರಾಗಿ ಎದ್ದಿದ್ದವು. ಮೇಲಿನ ಬಣ್ಣ ನೋಡಿದರೆ ಇದು ಯಾರಿಗೂ ಹೊಳೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಸಂಶಯವನ್ನೂ ಇಟ್ಟುಕೊಳ್ಳಬೇಕು: ಮಳೆಗಾಲದಲ್ಲಿ ಮಧುವಾಹಿನಿ ಹೊಳೆ ಉಕ್ಕಿ ಮಧೂರು ದೇವಸ್ಥಾನದ ಅಂಗಳಕ್ಕೇ ನೀರು ನುಗ್ಗುವ ಊರು ನಮ್ಮದು, ತಗ್ಗಿನಲ್ಲಿ ನಿಲ್ಲಿಸಿದ ಕಾರು ಒಂದು ರಾತ್ರಿ ನೀರು ಕುಡಿದಿದ್ದರೆ ಆಶ್ಚರ್ಯವಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಹೊರಗೆಳೆದು ಕೆಸರಿನ ಗೆರೆ ಇದೆಯೇ ನೋಡಬೇಕು, ಸ್ಟೆಪ್ನಿ ಎತ್ತಿ ಅದರ ತಳಕ್ಕೆ ಬೆರಳಾಡಿಸಬೇಕು, ಸೀಟಿನ ಹಳಿಗಳ ತುಕ್ಕು ನೋಡಬೇಕು. ಕುಂಬಳೆಯ ಕಾರಿನಲ್ಲಿ ಅಂಥದ್ದೇನೂ ಇರಲಿಲ್ಲ, ಬಿಟ್ಟದ್ದು ತುಕ್ಕಿಗಾಗಿ ಮಾತ್ರ.

ಮೂರನೆಯದು ಪುತ್ತೂರಿನದು, ಮೊದಲ ಒಡೆಯರ ಕೈಯಲ್ಲೇ ಇದ್ದದ್ದು, 38,000 ಕಿಲೋಮೀಟರ್ ಓಡಿದ್ದು. ಬಾನೆಟ್ ತಣ್ಣಗಿತ್ತು. ಒಡೆಯರು ಒಳಗಿನಿಂದ ಒಂದು ಫೈಲು ತಂದು ಕೊಟ್ಟರು, ಅದರಲ್ಲಿ ಟಯರು ಪಂಕ್ಚರ್ ಹಾಕಿಸಿದ ಚೀಟಿಯೂ ಇತ್ತು. ಟರ್ಬೊದ ದಂಡವು ನಿಮಿಷಕ್ಕೆ ಲಕ್ಷ ಸುತ್ತುಗಳನ್ನು ಮೀರಿ ತಿರುಗುವುದು ಎಣ್ಣೆಯ ಒಂದು ತೆಳುವಾದ ಪದರದ ಮೇಲೆ, ಹಾಗಾಗಿ ಇಂಥ ಕಾರಿನ ಫೈಲಿನಲ್ಲಿ ಮೊದಲು ಹುಡುಕಬೇಕಾದದ್ದು ಎಂಜಿನ್ ಆಯಿಲ್ ಬದಲಿಸಿದ ತಾರೀಕುಗಳನ್ನು, ಅವುಗಳ ನಡುವಿನ ಕಿಲೋಮೀಟರುಗಳನ್ನು ಮತ್ತು ಹಾಕಿದ ಎಣ್ಣೆ ಕಂಪನಿ ಹೇಳಿದ ದರ್ಜೆಯದ್ದೇ ಎಂಬುದನ್ನು. ವಿಮಾ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಶೇಕಡಾ 45 ಎಂದಿತ್ತು. ಅದು ಸತತ ನಾಲ್ಕು ವರ್ಷ ಕ್ಲೇಮ್ ಮಾಡದಿದ್ದರೆ ಸಿಗುವ ರಿಯಾಯಿತಿಯ ಪ್ರಮಾಣ. ದೊಡ್ಡ ಅಪಘಾತ ಆಗಿಲ್ಲ ಎನ್ನುವುದಕ್ಕೆ ಇದು ಪೂರ್ತಿ ಪುರಾವೆಯಲ್ಲ, ಆದರೆ ಬಾಯಿಮಾತಿಗಿಂತ ಮೇಲು. ಎಲ್ಲ ಗಾಜುಗಳ ಮೂಲೆಯ ವರ್ಷದ ಗುರುತು ಒಂದೇ ಆಗಿತ್ತು, ಮಡ್‌ಗಾರ್ಡಿನ ಬೋಲ್ಟುಗಳ ಬಣ್ಣ ಸ್ಪಾನರ್ ಕಂಡಿರಲಿಲ್ಲ.

ಪಾಣಾಜೆಯ ಕಡೆಗೆ ಓಡಿಸಿದೆವು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಅದುರಲಿಲ್ಲ. ಅದುರಿದ್ದರೆ ಡಿಸ್ಕುಗಳು ಬಿಸಿಗೆ ಸೊಟ್ಟಗಾಗಿವೆ ಎಂದುಕೊಳ್ಳಬಹುದಿತ್ತು, ಜೋರಾಗಿ ಓಡಿಸಿದ ಕಾರುಗಳಲ್ಲಿ ಅದು ಸಾಮಾನ್ಯ. ಟಯರುಗಳು ಮಾತ್ರ ಮುಗಿದಿದ್ದವು. ಪಕ್ಕದಲ್ಲಿ 1421 ಎಂಬ ನಾಲ್ಕಂಕಿ ಇತ್ತು, ಎಂದರೆ 2021ರ ಹದಿನಾಲ್ಕನೆಯ ವಾರದ ತಯಾರಿ. ಕಾರಿನ ಜೊತೆ ಬಂದ ಮೂಲ ಟಯರುಗಳು ಅಷ್ಟು ದೂರ ಬಾಳಿವೆ ಎಂದರೆ ಓಡಿಸಿದವರ ಕಾಲು ಹಗುರ ಎಂದು ಮೆಕ್ಯಾನಿಕ್ ಮೆಚ್ಚಿದರು, ನಾನು ಅದೇ ಟಯರುಗಳನ್ನು ತೋರಿಸಿ ಮೂವತ್ತು ಸಾವಿರ ಇಳಿಸಿಕೊಂಡೆ.

ಇನ್ನು ಕಾಗದ. ಕರ್ನಾಟಕದ ನೋಂದಣಿಯ ಕಾರು ಮಂಗಳೂರು, ಪುತ್ತೂರಿನಲ್ಲಿ ಅಗ್ಗವಾಗಿ ಕಾಣುವುದು ನಿಜ, ಆದರೆ ಆ ಬೆಲೆ ತಲಪಾಡಿ ಗಡಿಯ ಆಚೆಗಿನ ಬೆಲೆ. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ವಿಧಿಯಂತೆ ಹೊಸ ನೋಂದಣಿ ಸಂಖ್ಯೆ ಪಡೆಯಲೇಬೇಕು, ಜೊತೆಗೆ ಕೇರಳದ ತೆರಿಗೆಯನ್ನೂ ಕಟ್ಟಬೇಕು. ಎರಡೂ ಕಡೆಯ ಬೆಲೆಗಳ ನಡುವೆ ನನಗೆ ಕಂಡಿದ್ದ ಎಂಬತ್ತು ಸಾವಿರದ ಲಾಭದಲ್ಲಿ ಹೆಚ್ಚಿನ ಪಾಲು ಈ ತೆರಿಗೆಗೇ ಹೋಯಿತು. ಮೂಲ ಆರ್‌ಟಿಒ ಕಚೇರಿಯಿಂದ 28ನೇ ಫಾರ್ಮಿನಲ್ಲಿ ನಿರಾಕ್ಷೇಪಣಾ ಪತ್ರ ಬೇಕು, ಅದಕ್ಕೆ ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ತೆಗೆದ ಪೆನ್ಸಿಲ್ ಅಚ್ಚು ಬೇಕು. ಆ ಅಚ್ಚು ತೆಗೆಯುವಾಗಲೇ ಸಂಖ್ಯೆ ಆರ್.ಸಿ.ಯ ಜೊತೆ ತಾಳೆಯಾಗುತ್ತದೆಯೇ ಎಂದು ಕಣ್ಣಾರೆ ನೋಡಿಬಿಡಬೇಕು. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಪತ್ರ ಮತ್ತು 35ನೇ ಫಾರ್ಮ್, ಒಡೆತನದ ಬದಲಾವಣೆಗೆ 29 ಮತ್ತು 30, ಹೊಸ ಸಂಖ್ಯೆಗೆ 27. ಕರ್ನಾಟಕದಲ್ಲಿ ಆಜೀವ ತೆರಿಗೆ ಕಟ್ಟಿದ್ದರ ಉಳಿದ ಅಂಶವನ್ನು ವಾಪಸು ಕೇಳಬಹುದು. ಆ ಅರ್ಜಿ ಯಾರ ಹೆಸರಿನಲ್ಲಿ ಹೋಗಬೇಕು, ಬಂದ ಹಣ ಯಾರಿಗೆ ಸೇರಬೇಕು ಎಂಬುದನ್ನು ಮುಂಗಡ ಕೊಡುವ ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳಬೇಕು.

ಮಾರುವವರಿಗೂ ಒಂದು ಮಾತು ಇದೆ. ದಾಖಲೆಯಲ್ಲಿ ಹೆಸರು ಬದಲಾಗದೆ ಗಾಡಿ ಕೈ ಬದಲಾಯಿಸಿದರೆ, ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಒಡೆಯರ ಮೇಲೆಯೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ಕೊಳ್ಳುವವರು ದಂಡದ ಚಲನ್‌ಗಳನ್ನು ಎರಡೂ ರಾಜ್ಯಗಳಲ್ಲಿ ನೋಡಿಕೊಳ್ಳಬೇಕು: ಕೇರಳದ ರಸ್ತೆ ಕ್ಯಾಮರಾಗಳು 2023ರ ಜೂನಿನಿಂದ ದಂಡ ಹಾಕುತ್ತಿವೆ, ವೇಗದ ಕಾರಿನ ಹಿಂದಿನ ಒಡೆಯರ ಸ್ವಭಾವ ಆ ಪಟ್ಟಿಯಲ್ಲಿ ಸರ್ವಿಸ್ ಬುಕ್ಕಿಗಿಂತ ಚೆನ್ನಾಗಿ ಕಾಣುತ್ತದೆ. ಪುತ್ತೂರಿನ ಕಾರಿನ ಹೆಸರಿನಲ್ಲಿ ಇದ್ದದ್ದು ಒಂದೇ, ನಿಲ್ಲಿಸಬಾರದಲ್ಲಿ ನಿಲ್ಲಿಸಿದ್ದಕ್ಕೆ.

ಒಂಬತ್ತು ತಿಂಗಳಲ್ಲಿ ಕಾರು 7,000 ಕಿಲೋಮೀಟರ್ ಓಡಿದೆ. ನಿಮಿಷಕ್ಕೆ 1,800 ಸುತ್ತು ದಾಟಿದ ಮೇಲೆ ಎಂಜಿನ್ ಎಳೆಯುವ ರೀತಿಗೆ ನಾನಿನ್ನೂ ಒಗ್ಗಿಲ್ಲ, ಪೆರ್ಲದ ಏರಿನಲ್ಲಿ ಲಾರಿ ಹಿಂದಿಕ್ಕಲು ಗೇರ್ ಇಳಿಸುವ ಅಭ್ಯಾಸವೇ ತಪ್ಪಿಹೋಗಿದೆ. ಹಿಂದಿನ ಸೀಟು ದೊಡ್ಡವರಿಗೆ ಇಕ್ಕಟ್ಟು, ಅಮ್ಮ ಮುಂದೆಯೇ ಕೂರುತ್ತಾರೆ. ಕಂಪನಿ ಹೇಳಿದ ಆಯಿಲ್ ಅವಧಿ 15,000 ಕಿಲೋಮೀಟರ್ ಅಥವಾ ಒಂದು ವರ್ಷ. ನಾನು ಅದರ ಅರ್ಧಕ್ಕೇ ಬದಲಿಸುವುದೆಂದು ನಿಶ್ಚಯಿಸಿ, ಮುಂದಿನ ಶನಿವಾರ ನೀರ್ಚಾಲಿಗೆ ಬರುತ್ತೇನೆಂದು ಮೆಕ್ಯಾನಿಕ್‌ಗೆ ಹೇಳಿಟ್ಟಿದ್ದೇನೆ. ಬಿಲ್ಲನ್ನು ಹಾಕಲು ಪುತ್ತೂರಿನ ಆ ಫೈಲಿನಲ್ಲಿ ಇನ್ನೂ ಜಾಗವಿದೆ.